ಅಜ್ಜಿ ನಂಬಿದ ಉಪ್ಪಿನ ದ್ವೀಪ

ಫ್ಯಾಂಟಸಿ ಬರೆಯಲು ಹೊರಟವರಿಗೆ ಎಲ್ಲರೂ ಕೊಡುವ ಬುದ್ಧಿಮಾತು ಒಂದಿದೆ: ನೀವು ಕಟ್ಟುವ ಲೋಕದಲ್ಲಿ ಎಲ್ಲಿಯೂ ತೂತು ಇರಬಾರದು. ನಾನೂ ಇದನ್ನು ನಂಬಿದ್ದೆ. ಕಾಲೇಜಿನಲ್ಲಿದ್ದಷ್ಟು ದಿನವೂ ಚರ್ಚಾಸ್ಪರ್ಧೆಗಳಿಗೆ ಓಡಾಡಿದವಳು ನಾನು. ಎದುರಿನವರ ವಾದದಲ್ಲಿ ತೂತು ಹುಡುಕುವುದು, ನನ್ನ ವಾದದ ತೂತು ಮುಚ್ಚುವುದು, ಅಲ್ಲಿ ಕಲಿತದ್ದು ಇಷ್ಟೇ. ಈಗ ನನಗೆ ಆ ಬುದ್ಧಿಮಾತಿನ ಮೇಲೆ ತಕರಾರಿದೆ.

ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಹರಿಹರದಲ್ಲಿ ನಮ್ಮ ಜೊತೆ ಇದ್ದಾಳೆ. ಅವಳ ಕಿರಿಯ ಮಗ, ನನ್ನ ಚಿಕ್ಕಪ್ಪ, ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಬೈಕ್ ಮೆಕ್ಯಾನಿಕ್ ಆಗಿದ್ದ. ಮದುವೆಯಾಗಿರಲಿಲ್ಲ, ಗ್ಯಾರೇಜಿನ ಹತ್ತಿರವೇ ಬಾಡಿಗೆ ರೂಮು. ಅಜ್ಜಿ ಹೃದಯದ ಆಪರೇಷನ್ ಮಾಡಿಸಿಕೊಂಡು ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಂಪರಿನಲ್ಲೇ ಅವಳದು ಒಂದೇ ಹಟ: "ಇಲ್ಲಿ ಬಾಳ ಚಳಿ, ನನ್ನ ಕೌದಿ ತಂದುಕೊಡ್ರೋ." ಚಿಕ್ಕಪ್ಪ ಬೈಕಿನಲ್ಲಿ ಹರಿಹರಕ್ಕೆ ಬಂದು, ಕೌದಿ ಸುತ್ತಿ ಹಿಂದೆ ಕಟ್ಟಿಕೊಂಡು ವಾಪಸು ಹೋಗುವಾಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ. ಬಾತಿಯ ಹತ್ತಿರ ನಮ್ಮದೊಂದು ತುಂಡು ಹೊಲವಿದೆ. ಅಲ್ಲಿ ಅಜ್ಜನ ಪಕ್ಕದಲ್ಲೇ ಅವನನ್ನು ಮಣ್ಣು ಮಾಡಿದೆವು. ಅಜ್ಜಿಗೆ ಆಗಿನ್ನೂ ಐಸಿಯುನಲ್ಲಿ ಪೂರ್ತಿ ಎಚ್ಚರವಿರಲಿಲ್ಲ; ಕೌದಿ ಕೇಳಿದ್ದೂ ಆಮೇಲೆ ಅವಳ ನೆನಪಿನಲ್ಲಿ ಉಳಿಯಲಿಲ್ಲ.

"ಸದ್ಯಕ್ಕೆ ಅವರಿಗೆ ಯಾವ ಆಘಾತವೂ ಆಗಬಾರದು" ಎಂದರು ಡಾಕ್ಟರು. ಆ "ಸದ್ಯಕ್ಕೆ" ಎಂಬುದನ್ನು ಅಪ್ಪ ಎಳೆದೆಳೆದು ಉದ್ದ ಮಾಡಿದ. ಅಜ್ಜಿ ಮನೆಗೆ ಬಂದ ಮೇಲೆ ಹೇಳಿಬಿಡಬೇಕು ಎಂದು ನಾನು ವಾದಿಸಿದೆ. ಅಪ್ಪ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಹೇಳಿದ: "ನಿನ್ನ ಡಿಬೇಟು ಹೊರಗಿಟ್ಟು ಬಾ. ಕೌದಿ ತರಾಕೆ ಹೋಗಿ ಸತ್ತ ಅಂತ ಅವ್ಳಿಗೆ ಹೆಂಗೆ ಹೇಳ್ತೀಯ? ನಾನೇ ಅಜ್ಜಿ ಅನ್ಕ. ಹೇಳಿ ತೋರ್ಸು."

ನಾನು ಬಾಗಿಲು ತೆರೆದು ಹೊರಗೆ ಬಂದೆ.

ಅಪ್ಪ ಹೇಳಿದ ಮೊದಲ ಸುಳ್ಳು ದುಬೈ. ಸಣ್ಣವನಿಗೆ ಅವಸರದಲ್ಲಿ ಕೆಲಸ ಸಿಕ್ಕಿತು, ಹೋದ, ಅಷ್ಟೇ. ಸಂಜೆಯೊಳಗೆ ಅದು ಮುರಿದು ಬೀಳುವುದರಲ್ಲಿತ್ತು. ಪಕ್ಕದ ಮನೆಯಾಕೆಯ ಮಗ ನಿಜವಾಗಿಯೂ ದುಬೈನಲ್ಲಿದ್ದಾನೆ. ಆಕೆ ನೋಡಲು ಬಂದಾಗ ಅಜ್ಜಿ ಕೈ ಹಿಡಿದುಕೊಂಡಳು. "ನಿಮ್ ಹುಡುಗಂಗೆ ಫೋನ್ ಹಚ್ಚವ್ವ. ನಮ್ ಸಣ್ಣವನ್ನ ಒಂದ್ಸಲ ನೋಡ್ಕಂಡು ಬರ್ಲಿ." ಆಕೆಗೆ ಎಲ್ಲಾ ಗೊತ್ತು; ಓಣಿಗೇ ಗೊತ್ತು, ಎಲ್ಲರ ಬಾಯಿಗೂ ಅಪ್ಪ ಬೀಗ ಹಾಕಿಸಿದ್ದ. ಆಕೆ ಅಪ್ಪನ ಮುಖ ನೋಡಿದಳು. ಅಪ್ಪ ನನ್ನ ಮುಖ ನೋಡಿದ. ಮನೆಯಲ್ಲಿ ಕಾದಂಬರಿ ಬರೆಯುತ್ತೇನೆಂದು ಕೂತವಳು ನಾನೊಬ್ಬಳೇ ತಾನೆ?

"ದುಬೈ ಅಂದ್ರೆ ವಿಮಾನ ಇಳಿಯೋದು ಅಲ್ಲಿ ಅಜ್ಜಿ" ಎಂದೆ. "ಕೆಲಸ ಇರೋದು ಅಲ್ಲಿಂದ ಮುಂದೆ, ಒಂದು ದ್ವೀಪದಾಗೆ."

ಆ ದ್ವೀಪ ನನ್ನ ಹಸ್ತಪ್ರತಿಯದು. ಉಪ್ಪು ಬೆಳೆಯುವ, ವರ್ಷದಲ್ಲಿ ಅರ್ಧಕಾಲ ಒಂದೇ ಸಮನೆ ಗಾಳಿ ಬೀಸುವ, ಆ ಗಾಳಿಯಲ್ಲಿ ಯಾವ ದೋಣಿಯೂ ಹೋಗಲಾರದ ದ್ವೀಪ. ಅಲ್ಲಿ ಸತ್ತವರ ದನಿಯಲ್ಲಿ ಮಾತಾಡುವ ಹಕ್ಕಿಗಳೂ ಇದ್ದವು. ಅಜ್ಜಿಗೆ ಹೇಳುವಾಗ ಹಕ್ಕಿಗಳನ್ನು ಮಾತ್ರ ತೆಗೆದುಹಾಕಿದೆ. ನಿಜವಾದ ಊರು ಹೇಳಿದರೆ ಯಾರದೋ ಅಳಿಯ, ಯಾರದೋ ಮೈದುನ ಅಲ್ಲಿ ಇದ್ದೇ ಇರುತ್ತಾನೆ. ಇಲ್ಲದ ಊರಿಗೆ ಸಾಕ್ಷಿ ಇರುವುದಿಲ್ಲ. ಗಾಳಿಗಾಲದಲ್ಲಿ ಟವರ್ ಕೆಲಸ ಮಾಡುವುದಿಲ್ಲ, ಹಾಗಾಗಿ ಮುಖ ನೋಡುವ ಕಾಲ್ ಇಲ್ಲ. ಕಂಪನಿಯ ಆಫೀಸಿನ ಫೋನಿಂದ ಎಂದಾದರೊಮ್ಮೆ ನನಗೆ ಫೋನ್ ಬರುತ್ತದೆ, ಅದೂ ಅಜ್ಜಿ ಮಾತ್ರೆ ನುಂಗಿ ಮಲಗಿರುವ ಹೊತ್ತಿನಲ್ಲಿ.

ನನ್ನ ಕಾದಂಬರಿ ಓದಿದ ಗೆಳತಿಯರು "ಯಾಕೋ ನಂಬೋಕಾಗಲ್ಲ ಕಣೇ" ಎಂದಿದ್ದರು. ಯಾಕೆಂದು ನನಗೆ ಅಜ್ಜಿಯಿಂದ ತಿಳಿಯಿತು. ನಾನು ಕಾದಂಬರಿಯಲ್ಲಿ ಬರೀ ಅದ್ಭುತಗಳನ್ನು ತುಂಬಿದ್ದೆ. ಅದ್ಭುತವನ್ನು ಯಾರೂ ನಂಬುವುದಿಲ್ಲ. ಗೊಣಗಾಟವನ್ನು ನಂಬುತ್ತಾರೆ. ಅಲ್ಲಿನ ಅನ್ನ ಅಂಟು, ಚಿಕ್ಕಪ್ಪನಿಗೆ ಹಿಡಿಸುವುದಿಲ್ಲ ಎಂದೆ, ಅಜ್ಜಿ ಕಣ್ಣೊರೆಸಿಕೊಂಡಳು. ಉಪ್ಪಿನ ನೀರಿಗೆ ಕೂದಲು ಉದುರುತ್ತಿದೆಯಂತೆ ಎಂದೆ. "ಅವರಪ್ಪಂದೂ ಹಂಗೇ, ಬೇಗ ಬೋಳಾತು" ಎಂದಳು. "ಮತ್ತೆ ಅಲ್ಲಿ ಮೆಣಸಿನಕಾಯಿ ಸಿಗ್ತತೇನು?" ಎಂದು ಕೇಳಿದಾಗ, ಗೊತ್ತಿಲ್ಲ, ಅವನು ಹೇಳಲಿಲ್ಲ ಎಂದೆ. ಚರ್ಚಾಸ್ಪರ್ಧೆಯಲ್ಲಿ "ಗೊತ್ತಿಲ್ಲ" ಎಂದವರು ಸೋತಂತೆ. ಕಟ್ಟಿದ ಲೋಕಕ್ಕೆ ಅದರಷ್ಟು ಗಟ್ಟಿ ಗಾರೆ ಬೇರೆ ಇಲ್ಲ.

ಪಕ್ಕದ ಮನೆಯಾಕೆ ಕೂಡ ಕೈ ಜೋಡಿಸಿದಳು. "ಅಲ್ಲಿ ಬಿಸ್ಕೀಟು ಬಾಳ ಚಲೋ ಸಿಗ್ತಾವಂತೆ, ನನ್ ಮಗ ಹೇಳ್ತಿದ್ದ" ಎಂದು ಒಂದು ದಿನ ತಾನೇ ಸೇರಿಸಿದಳು. ಗಾಳಿಗಾಲದಲ್ಲಿ ದೋಣಿ ಹೋಗದ ದ್ವೀಪಕ್ಕೆ ಬಿಸ್ಕೀಟು ಹೇಗೆ ಹೋಯಿತು ಎಂದು ನನಗೆ ಸಿಟ್ಟು ಬಂತು. ಚಿಕ್ಕಪ್ಪ ಸತ್ತಿದ್ದಾನೆ, ನನಗೆ ಬಿಸ್ಕೀಟಿನ ಸಿಟ್ಟು.

ಒಂದು ಸಲ ಅಜ್ಜಿ ಕೇಳಿದಳು: "ಅಲ್ಲಿ ಯಾರಾದ್ರೂ ಸತ್ರೆ ಎಲ್ಲಿ ಹೂಳ್ತಾರೆ? ನೆಲ ಎಲ್ಲಾ ಉಪ್ಪು ಅಂತೀಯಲ್ಲ."

ಕಾದಂಬರಿಯಲ್ಲಿ ಅದಕ್ಕೆ ಉತ್ತರವಿತ್ತು. "ಸಮುದ್ರಕ್ಕೆ ಬಿಡ್ತಾರೆ ಅಜ್ಜಿ. ಉಪ್ಪಿನಾಗೆ ಹೂಳಿದ್ರೆ ಹೆಣ ಕರಗಲ್ಲ."

ಅವಳು ಸುಮ್ಮನೆ ತಲೆಯಾಡಿಸಿದಳು.

ಮಳೆಗಾಲ ಕಳೆಯಿತು. ಅಜ್ಜಿ ಓಡಾಡುವಂತಾದಳು, ಓಡಾಡುವಂತಾದ ಮೇಲೆ ಸಿಟ್ಟೂ ಬಂತು. ಗಾಳಿ ಇದ್ದರೇನು, ಒಬ್ಬ ಮಗನಿಗೆ ತಾಯಿಯ ಎದೆ ಕೊಯ್ದಿದ್ದಾರೆ ಎಂಬುದು ನೆನಪಿರಬೇಡವೇ? ಮಾತಾಡಿಸಲು ಬಂದವರಿಗೆಲ್ಲ ಅವಳು ಚಿಕ್ಕಪ್ಪನ ಕಲ್ಲೆದೆಯ ಕತೆ ಹೇಳತೊಡಗಿದಳು. ಅವನ ಹಾಸಿಗೆಯನ್ನು ಹಳೇ ಸಾಮಾನಿನವನಿಗೆ ಕೊಡಿಸಿದಳು. ಹಬ್ಬದ ಮರುದಿನ ನನ್ನನ್ನು ಕರೆದು, "ಈ ಸಲ ಫೋನ್ ಬಂದ್ರೆ ಹೇಳು, ನನ್ ಮಣ್ಣಿಗೂ ಬರಬ್ಯಾಡ ಅಂತ ಹೇಳು" ಎಂದಳು.

ಆ ರಾತ್ರಿ ಅಪ್ಪ ಉಣ್ಣಲಿಲ್ಲ. ತಾಯಿ ಕೇಳಿದ್ದನ್ನು ಒಮ್ಮೆಯೂ ಇಲ್ಲ ಎನ್ನದಿದ್ದ ತಮ್ಮ ಅವನು. ಈಗ ಅವಳ ಬಾಯಲ್ಲಿ ಅವನು ಕಟುಕ. ಇನ್ನು ಹೇಳದಿದ್ದರೆ ಅವಳು ಹೀಗೇ ಅವನನ್ನು ಬೈಯುತ್ತಲೇ ಸಾಯುತ್ತಾಳೆ.

ಮರುದಿನ ಅವಳು ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಎದುರು ಕೂತೆ.

"ಅಜ್ಜಿ, ಚಿಕ್ಕಪ್ಪ ಇಲ್ಲ. ನೀನು ಆಸ್ಪತ್ರೆಯಾಗಿದ್ದಾಗಲೇ ಹೋಗಿಬಿಟ್ಟ. ಹೈವೇಯಾಗೆ, ಲಾರಿಗೆ."

ಅವಳ ಕೈ ನಿಲ್ಲಲಿಲ್ಲ. "ಬೈದೆ ಅಂತ ಹಿಂಗೆ ಹೇಳ್ತೀಯ. ಅವ್ನೇ ಹೇಳ್ಕೊಟ್ನಾ?"

"ಆ ದ್ವೀಪನೇ ಇಲ್ಲಜ್ಜಿ. ನಾನು ಮಾಡಿದ್ದು ಅದು."

"ನೀನು ಮಾಡಿದ್ದು?" ಈಗ ಅವಳು ನಕ್ಕಳು. "ನಿಂಗೆ ಒಂದು ಸಾರು ಮಾಡಾಕೆ ಬರಲ್ಲ, ದ್ವೀಪ ಮಾಡ್ತೀಯ?"

ನಾನು ವಾದಕ್ಕಿಳಿದೆ. ಫೋಟೊ ಯಾಕಿಲ್ಲ? ಟವರ್ ಇಲ್ಲ ಎಂದಳು. ಕಂಪನಿಯ ಹೆಸರು ಯಾಕಿಲ್ಲ? ಅದು ನಂಗೆ ನೆನಪಿರಲ್ಲ ಅಂತ ನೀನೇ ಹೇಳಿದ್ದೆ ಎಂದಳು. ಕೂದಲು, ಅಂಟು ಅನ್ನ, ಗಾಳಿ: ನಾನು ಕೊಟ್ಟ ಒಂದೊಂದು ಇಟ್ಟಿಗೆಯನ್ನೂ ಅವಳು ನನ್ನ ಕಡೆಗೇ ಎಸೆದಳು. ಕೊನೆಗೆ ಅವಳೇ ಒಂದು ಪ್ರಶ್ನೆ ಕೇಳಿದಳು.

"ಹೈವೇಯಾಗೆ ಯಾಕಿದ್ದ ಅವ್ನು? ರೂಮು ದಾವಣಗೆರ್ಯಾಗೆ, ಕೆಲಸ ದಾವಣಗೆರ್ಯಾಗೆ, ನಾನೂ ಅಲ್ಲೇ ಬಿದ್ದಿದ್ದೆ. ಹೈವೇಗೆ ಏನು ಕೆಲಸಕ್ಕೆ ಹೋಗಿದ್ದ?"

ಉತ್ತರ ನನಗೆ ಗೊತ್ತಿತ್ತು. ಅವಳು ಕಾಲ ಮೇಲೆ ಹೊದ್ದುಕೊಂಡಿದ್ದ ಕೌದಿ ಹಳೆಯದಲ್ಲ, ನನ್ನ ಅಮ್ಮ ಹೊಸದಾಗಿ ಹೊಲಿಸಿಕೊಟ್ಟದ್ದು. ನಾನೂ ಒಂದು ಬೆಳ್ಳುಳ್ಳಿ ಎತ್ತಿಕೊಂಡು ಸುಲಿಯತೊಡಗಿದೆ.

"ನೋಡು" ಎಂದಳು, ಗೆದ್ದವಳಂತೆ. "ಸುಳ್ಳು ಹೇಳಾಕೂ ಬರಲ್ಲ ನಿಂಗೆ."

ನಿಜದಲ್ಲಿ ತೂತಿತ್ತು, ಸುಳ್ಳಿನಲ್ಲಿ ಇರಲಿಲ್ಲ. ಯಾವ ತೀರ್ಪುಗಾರರಾದರೂ ಅವಳಿಗೇ ಬಹುಮಾನ ಕೊಡುತ್ತಿದ್ದರು.

ಅಪ್ಪನಿಗೆ ಫೋನಿನಲ್ಲಿ ತಿಳಿಸಿದೆ. ಸಂಜೆ ಅಪ್ಪ ಕೆಲಸದಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಅವಳ ಮುಂದೆ ಕುಸಿದು ಅತ್ತ. ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಅವಳಿಂದ ಒಂದು ಸದ್ದು ಬಂತು. ಅದನ್ನು ನಾನು ಬರೆಯಲಾರೆ.

ಅಳು ಇಳಿದ ಮೇಲೆ ಕೇಳಿದಳು: "ಯಾವ ಗಾಳಿಗೆ ಸಿಕ್ಕ ನನ್ ಕೂಸು? ಸಮುದ್ರಕ್ಕೆ ಬಿಟ್ರಾ?"

"ಇಲ್ಲಜ್ಜಿ, ಬಾತಿ ಹೊಲದಾಗೆ, ಅಜ್ಜನ ಪಕ್ಕ..." ಎಂದೆ ನಾನು.

ಅವಳು ನನ್ನನ್ನಲ್ಲ, ಅಪ್ಪನನ್ನು ನೋಡಿದಳು. "ಹೊಲದಾಗೆ ಮಣ್ಣು ಮಾಡಿದ್ರೆ ನಂಗೆ ಮುಖ ತೋರ್ಸದೆ ಮಾಡ್ತಿದ್ರಾ ನೀವು? ಹೆತ್ತಾಕಿಗೆ? ನೀನು ಹಂಗೆ ಮಾಡಾನಲ್ಲಪ್ಪ. ನಂಗೊತ್ತಿಲ್ವಾ ನಿನ್ನ."

ಅಪ್ಪ ತಲೆ ಎತ್ತಲಿಲ್ಲ. ಅವಳು ನಂಬಿ ಹೇಳಿದಳೋ, ಮಗನನ್ನು ಉಳಿಸಲು ಹೇಳಿದಳೋ, ನಾನು ಕೇಳಲಿಲ್ಲ. ಹೊಲಕ್ಕೆ ಹೋಗೋಣ ಬಾ ಎಂದು ಆಮೇಲೆ ಎಷ್ಟು ಕರೆದರೂ ಅವಳು ಬರಲಿಲ್ಲ. ನಮ್ಮಲ್ಲಿ ಸತ್ತವರಿಗೆ ಗೋರಿಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಅವಳು ಅದನ್ನು ಹೊಳೆಗೆ ಬಿಡುತ್ತೇನೆಂದಳು.

ಒಂದು ಬೆಳಿಗ್ಗೆ ನಾವು ಮೂವರೂ ತುಂಗಭದ್ರೆಯ ದಂಡೆಗೆ ಹೋದೆವು. ನೀರು ಕಡಿಮೆಯಿತ್ತು, ಬಂಡೆಗಳ ಸಂದಿಯಲ್ಲಿ ಹಳೆಯ ಹೂವಿನ ಹಾರ, ಪ್ಲಾಸ್ಟಿಕ್ ಕವರು ಸಿಕ್ಕಿಕೊಂಡಿದ್ದವು. ಅಪ್ಪ ಅವಳ ರಟ್ಟೆ ಹಿಡಿದುಕೊಂಡ. ಅವಳು ಬಗ್ಗಿ ಚೊಂಬಿನ ಹಾಲು ಸುರಿದಳು. ಅದು ಕಾಲಬುಡದಲ್ಲಿ ತುಸು ಹೊತ್ತು ಬೆಳ್ಳಗೆ ನಿಂತು, ಆಮೇಲೆ ಹರಿಯಿತು. ತುಪ್ಪ ಹೆಪ್ಪುಗಟ್ಟಿತ್ತು, ಬೆರಳಲ್ಲಿ ತೆಗೆದು ಬಿಟ್ಟಳು.

"ಇದು ಅಲ್ಲಿಗೆ ಮುಟ್ತತೇನು?"

ಅವಳು ಕೇಳಿದ್ದು ನನ್ನನ್ನು. ದ್ವೀಪದ ವಿಷಯ ಗೊತ್ತಿದ್ದವಳು ನಾನೇ ಅಲ್ಲವೇ? ನಾನು ಕಟ್ಟಿದ ದ್ವೀಪ ದುಬೈನಿಂದ ಮುಂದೆ, ಪಶ್ಚಿಮದ ಸಮುದ್ರದಲ್ಲಿದೆ. ಈ ಹೊಳೆ ಕೃಷ್ಣೆಯನ್ನು ಸೇರಿ ಪೂರ್ವದ ಸಮುದ್ರಕ್ಕೆ ಹೋಗುತ್ತದೆ. ಇಷ್ಟು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ತೂತು. ಅದೊಂದನ್ನು ಹಿಡಿದು ಎಳೆದಿದ್ದರೆ ದ್ವೀಪವೆಲ್ಲ ಬಿಚ್ಚಿಕೊಳ್ಳುತ್ತಿತ್ತು, ಆಮೇಲೆ ಉಳಿಯುತ್ತಿದ್ದದ್ದು ಹೆದ್ದಾರಿ, ಕೌದಿ, ಮುಖ ತೋರಿಸದೆ ಮುಚ್ಚಿದ ಮಣ್ಣು.

"ಮುಟ್ತತೆ ಅಜ್ಜಿ" ಎಂದೆ. "ಗಾಳಿ ನಿಂತ ಮ್ಯಾಲೆ."

"ಹಂಗಾದ್ರೆ ಇನ್ನೊಂದ್ಸಲ ಗಾಳಿ ಇಲ್ದಾಗ ಬರಾನ" ಎಂದು ಅವಳು ಸೆರಗಿಗೆ ಬೆರಳು ಒರೆಸಿಕೊಂಡಳು. ಅಪ್ಪ ಚೊಂಬನ್ನು ಹೊಳೆಯಲ್ಲೇ ತೊಳೆದ, ತೊಳೆದದ್ದನ್ನೇ ಮತ್ತೆ ತೊಳೆದ.