ಹಳ್ಳ ದಾಟುವಾಗ ಸುಮ್ಮನಾದ ಬೆಲ್ಲು

ನಮ್ಮ ಮನೆಯ ಸೈಕಲ್ಲಿನ ಬೆಲ್ಲಿಗೆ ತುಕ್ಕು ಹಿಡಿದು ಯಾವ ಕಾಲವಾಯಿತೋ, ದನಿ ಮಾತ್ರ ಮದುವೆಯಾದ ಹೊಸತರಲ್ಲಿ ಕೇಳಿದ ಅದೇ ದನಿ. ನಮ್ಮ ಯಜಮಾನರು ಗುತ್ತೂರಿನ ಕಡೆಯ ಕಾರ್ಖಾನೆಯಲ್ಲಿ ಡ್ಯೂಟಿ ಮುಗಿಸಿ, ಹರಿಹರದ ನಮ್ಮ ಓಣಿಯ ತಿರುವಿಗೆ ಬರುತ್ತಲೇ ಅದನ್ನು ಬಾರಿಸುತ್ತಿದ್ದರು. ನಾನು ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ತಟ್ಟಲು ಶುರುಮಾಡುತ್ತಿದ್ದೆ. ನಮ್ಮ ಸಂಸಾರ ನಡೆದದ್ದೇ ಆ ಕಿಣಿಕಿಣಿಯ ಮೇಲೆ ಅನ್ನಿ.

ಹೋದ ವರ್ಷ ಅವರಿಗೆ ಹೃದಯಾಘಾತವಾಯಿತು. ಪುಣ್ಯಕ್ಕೆ ಬದುಕಿ ಬಂದರು, ಸೈಕಲ್ಲು ಮೂಲೆ ಸೇರಿತು. ಈಗೇನೂ ಭಯವಿಲ್ಲ, ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದರೂ ಇವರು ಕಟ್ಟೆ ಇಳಿಯರು. ನಾನೋ, ಒಂದು ಕೊಡ ನೀರನ್ನೂ ಎತ್ತಗೊಡೆ. ಹೆದರಿಕೆ ಇಬ್ಬರಿಗೂ ಇತ್ತು.

ಕೊನೆಗೆ ದಾವಣಗೆರೆಯಲ್ಲಿರುವ ನನ್ನ ತಮ್ಮ, ಚಿಕ್ಕಮಗಳೂರಿನ ಕಡೆಯ ಬೆಟ್ಟದ ಕಾಡಿನಲ್ಲಿ ಹಳ್ಳದ ಗುಂಟ ಒಂದು ಕಾಲುದಾರಿಯಿದೆ, ಜನ ನಡೆಯಲು, ಸೈಕಲ್ ಹೊಡೆಯಲು ಬರುತ್ತಾರೆ ಎಂದು ಒತ್ತಾಯಿಸಿ ನಮ್ಮನ್ನು ಹೊರಡಿಸಿದ. ಅಲ್ಲಿಗೆ ಬಂದವರೆಲ್ಲ ದಪ್ಪ ಟೈರಿನ ಗೇರ್ ಸೈಕಲ್ಲಿನವರು. ನಮ್ಮವರು ಜೀಪಿನಿಂದ ಇಳಿಸಿದ್ದು ಕ್ಯಾರಿಯರು, ಸ್ಟ್ಯಾಂಡು, ಬೆಲ್ಲು ಸಮೇತ ಅದೇ ಡ್ಯೂಟಿ ಸೈಕಲ್ಲು! ಬೇರೆಯದನ್ನು ಹತ್ತೆನೆಂದರೆ ಹತ್ತೆನೆಂದರು.

"ತಿರುವಿಗೊಂದ್ಸಲ ಬೆಲ್ ಹೊಡೀರಿ ಮತ್ತೆ, ನಾ ಹಿಂದಿಂದ ನಡ್ಕಂತ ಬರ್ತೀನಿ" ಎಂದೆ. ನನ್ನ ತಮ್ಮ ಜೀಪಿನ ಹತ್ತಿರ ಉಳಿದ.

ಎಂಥ ದಾರಿ ಅದು! ಒಂದು ಮಗ್ಗುಲಲ್ಲಿ ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರಿನ ಸದ್ದು, ತಲೆಯ ಮೇಲೆ ಸೋಸಿ ಇಳಿಯುವ ಬಿಸಿಲು, ಕಾಲಡಿ ಒದ್ದೆ ತರಗೆಲೆ. ನನ್ನ ಕಿವಿ ಮಾತ್ರ ಬೆಲ್ಲಿನ ಮೇಲೆ. ಒಂದು ತಿರುವು, ಕಿಣಿಕಿಣಿ. ಇನ್ನೊಂದು, ಕಿಣಿಕಿಣಿ. ಆಮೇಲೆ ಇಲ್ಲ. ಸೀರೆ ಎತ್ತಿ ಕಟ್ಟಿ, ಬೇರುಗಳಿಗೆ ಎಡವುತ್ತ, ನೆನಪಾದ ದೇವರಿಗೆಲ್ಲ ಹರಕೆ ಹೊರುತ್ತ ಓಡಿದೆ.

ತಿರುವು ದಾಟಿದರೆ ದಾರಿಯೇ ಹಳ್ಳಕ್ಕೆ ಇಳಿದುಬಿಟ್ಟಿತ್ತು. ಆಚೆ ದಡದಲ್ಲಿ ನಮ್ಮವರು, ಮೊಣಕಾಲ ತನಕ ಒದ್ದೆಯಾಗಿ, ನಗುತ್ತ ನಿಂತಿದ್ದರು.

"ಬೆಲ್ ಯಾಕ್ರೀ ಹೊಡೀಲಿಲ್ಲ? ನನ್ನ ಜೀವ ಹೋಗಿತ್ತಲ್ರೀ!"

"ಕೈ ಎಲ್ಲೈತೆ ಹೊಡಿಯಾಕೆ? ಸೈಕಲ್ ಹೆಗಲ ಮೇಲಿತ್ತು!"

ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವರೇ ಮತ್ತೆ ನೀರಿಗಿಳಿದು ಬಂದು ಕೈ ಹಿಡಿದು ನನ್ನನ್ನು ದಾಟಿಸಿದರು. ನಡುನೀರಿನಲ್ಲಿ ನಿಂತು ಆ ಹಳ್ಳಕ್ಕೆ, ಅದನ್ನು ದಾಟಿದ ಆ ಎದೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಈಗ ಅವರು ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಹೊಳೆಯ ತನಕ ಹೋಗಿಬರುತ್ತಾರೆ. ಒಮ್ಮೊಮ್ಮೆ ಹೊತ್ತಾದರೂ ತಿರುವಿನಲ್ಲಿ ಬೆಲ್ಲು ಕೇಳುವುದಿಲ್ಲ. ಹೆಗಲ ಮೇಲೆ ಏನೋ ಹೊತ್ತಿರಬೇಕು, ಕೈ ಬಿಡುವಿಲ್ಲ ಎಂದುಕೊಂಡು ನಾನು ಒಲೆಯ ಮೇಲೆ ಹಂಚಿಡುತ್ತೇನೆ.