ಫ್ರಿಜ್ಜಿನ ಬಾಡಿಗೆಗೆ ಒಂದು ಲೋಟ ಟೀ

ನಾನು ಮಹಡಿಯ ಮೇಲೆ, ನನ್ನ ಔಷಧಿ ಕೆಳಗಿನ ಮನೆಯ ಫ್ರಿಜ್ಜಿನಲ್ಲಿ. ಕಗ್ಗದಾಸಪುರಕ್ಕೆ ಬಂದ ಮೇಲೆ ನನ್ನ ದೇಹ ಹೀಗೆ ಎರಡು ಮನೆಗಳಲ್ಲಿ ಹಂಚಿಹೋಯಿತು. ಊಟಕ್ಕೆ ಮೊದಲು ಬೇರೆಯವರ ಬಾಗಿಲು ತಟ್ಟಬೇಕಿತ್ತು. ಅವರ ಹಾಲು, ದೋಸೆ ಹಿಟ್ಟು, ಮಲ್ಲಿಗೆ ದಂಡೆಗಳ ನಡುವಿನಿಂದ ನನ್ನ ಇನ್ಸುಲಿನ್ ಬಾಟಲಿ ಎತ್ತಿಕೊಳ್ಳಬೇಕಿತ್ತು. ನಮ್ಮೂರು ಇಳಕಲ್ಲಿನಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಇಲ್ಲಿ ‘ಶೀಟ್ ಮನೆ’ ಎನ್ನುತ್ತಾರೆ: ಕಟ್ಟಡದ ತುದಿಯಲ್ಲಿ ಒಂದು ಕೋಣೆ ಎಬ್ಬಿಸಿ, ಮೇಲೆ ತಗಡು ಹೊದಿಸಿ, ಬಾಡಿಗೆಗೆ ಬಿಡುವುದು. ಊರಿನ ನಮ್ಮ ಮಾಳಿಗೆ ಮನೆಯ ಮಣ್ಣಿನ ಛಾವಣಿ ಬಿಸಿಲನ್ನು ಹೊರಗೇ ನಿಲ್ಲಿಸುತ್ತಿತ್ತು; ಈ ತಗಡು ಅದನ್ನು ಒಳಗೆ ಕರೆದು ಕೂರಿಸುತ್ತದೆ. ಹಾಗೆಂದು ಈಗ ಅನಿಸುತ್ತದೆ, ಅಷ್ಟೆ. ಅಲ್ಲಿ ಬೆವರುತ್ತ ಅಂಗಳದಲ್ಲಿ ಮಲಗಿದ್ದೂ ನೆನಪಿದೆ. ದೂರವಾದಷ್ಟೂ ಊರು ತಂಪಾಗುತ್ತ ಹೋಗುತ್ತದೆ. ನನ್ನನ್ನು ಪೂರ್ತಿ ನಂಬಬೇಡಿ. ತಗಡಿನ ಕೋಣೆಗೆ ಕರೆಂಟು ಕೆಳಗಿನ ಮೀಟರಿನಿಂದ, ಆದ್ದರಿಂದ ಬಾಡಿಗೆಯವರು ಫ್ರಿಜ್ ಇಡುವಂತಿಲ್ಲ.

ಹಗಲು ಶಿವಾಜಿನಗರದ ಅಂಗಡಿಯೊಂದರಲ್ಲಿ ರವಿಕೆಗಳಿಗೆ ಕೈಹೊಲಿಗೆ ಹಾಕುತ್ತೇನೆ. ಅಲ್ಲಿ ದಖನಿ, ತಮಿಳು, ಇಂಗ್ಲಿಷ್ ಒಂದೇ ವಾಕ್ಯದಲ್ಲಿ ಓಡಾಡುತ್ತವೆ. ನಾನು ಬಾಯಿ ತೆರೆದರೆ ಮಾತ್ರ, “ಅಕ್ಕಾ, ಇದು ಯಾವ್ ಊರಿನ ಕನ್ನಡ?” ಎಂದು ನಗುತ್ತಾರೆ. ಊಟ ಗಿರಾಕಿಗಳು ಬಿಟ್ಟಾಗ.

ಕೆಳಗಿನ ಮನೆಯೊಡತಿ ಜಯಮ್ಮ. ಈಗ ಅಪಾರ್ಟ್‌ಮೆಂಟ್ ನಿಂತಿರುವಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದ ಮನೆಯವರು. ನನಗಿದ್ದ ಸಕ್ಕರೆ ಕಾಯಿಲೆಯನ್ನು ಅವರಿಗೆ ಹೇಳಿರಲಿಲ್ಲ. ದೊಮ್ಮಲೂರಿನಲ್ಲಿ ಹೇಳಿಯೇ ಒಂದು ಕೋಣೆ ಕೈತಪ್ಪಿತ್ತು. “ಒಬ್ರೇ ಇರ್ತೀರಿ, ಸೂಜಿ ಬೇರೆ ಚುಚ್ಕೋತೀರಿ. ನಾಳೆ ಬಿದ್ಗಿದ್ರೆ ಯಾರಮ್ಮ ನೋಡೋದು?” ಎಂದು ಆ ಮನೆಯವರು ಬಾಗಿಲಲ್ಲೇ ಮಾತು ಮುಗಿಸಿದ್ದರು. ಹಾಗಾಗಿ ಇಲ್ಲಿ ಅದು ಮೊಣಕಾಲು ನೋವಿನ ಇಂಜೆಕ್ಷನ್.

“ಬನ್ನಿ ಟೈಲರಮ್ಮ, ಮಂಡಿ ಹೆಂಗಿದೆ? ಕೂತ್ಕೊಳ್ಳಿ, ಟೀ ಹಾಕ್ತೀನಿ.”

“ಬ್ಯಾಡ್ರಿ ಜಯಮ್ಮಾರ, ಈಗರ ಕುಡದೇನ್ರಿ.”

“ನಿಮ್ ರೂಮಲ್ಲಿ ಹಾಲೇ ಇಲ್ಲ, ಏನ್ ಕುಡಿದ್ರಿ, ಶೀಟ್ ಮೇಲಿನ್ ನೀರಾ? ಸುಮ್ನೆ ಕೂತ್ಕೊಳ್ಳಿ.”

ಆ ಟೀ ಪಾಯಸಕ್ಕೆ ಹತ್ತಿರದ ಸಂಬಂಧಿ. ಕುಡಿಯದೆ ಫ್ರಿಜ್ಜಿಗೆ ಕೈಹಾಕುವುದು ಹೇಗೆ? ಜಾಗ ಕೊಟ್ಟಿದ್ದಕ್ಕೆ ಅವರು ಏನನ್ನೂ ಕೇಳಿರಲಿಲ್ಲ. ನಮ್ಮ ಕಡೆಯೂ ಹಾಗೆಯೇ ಅಲ್ಲವೇ, ಲೋಟ ಸರಿಸಿದರೆ ಕೊಟ್ಟವರನ್ನೇ ಸರಿಸಿದಂತೆ. ಶುಕ್ರವಾರ ಸಿಹಿ ಪೊಂಗಲ್ಲೂ ಸೇರಿಕೊಳ್ಳುತ್ತಿತ್ತು. ಕೆಳಗೆ ಹೋಗುವುದನ್ನು ಕಡಿಮೆ ಮಾಡಿದರೆ ಸಕ್ಕರೆಯೂ ಕಡಿಮೆಯಾಗುತ್ತದೆ ಎಂದು ನನ್ನ ಬುದ್ಧಿ ಓಡಿತು. ಬೆಳಗಿನ ಸೂಜಿ ಉಳಿಸಿಕೊಂಡು ಸಂಜೆಯದನ್ನು ಬಿಡತೊಡಗಿದೆ.

ಒಂದು ದಿನ ಅಂಗಡಿಯಲ್ಲಿ ಕೆಂಪು ದಾರ, ಮರೂನ್ ದಾರ ಎರಡೂ ಒಂದೇ ಆದವು. ಮೊದಲಿನಿಂದಲೂ ತೋರಿಸಿಕೊಳ್ಳುವ ಹಲಸೂರಿನ ಕಡೆಯ ಆಸ್ಪತ್ರೆಗೆ ಹೋದೆ.

“ಕಣ್ಣಿನ ಒಳಗಡೆ ರಕ್ತ ಜಿನುಗ್ತಿದೆ,” ಎಂದರು ಡಾಕ್ಟರಮ್ಮ. “ಹೀಗೇ ಬಿಟ್ರೆ ಸೂಜಿಗೆ ದಾರ ಪೋಣಿಸೋದು ಮರೆತ್ಬಿಡಿ. ಯಾಕ್ರೀ ಇನ್ಸುಲಿನ್ ರೆಗ್ಯುಲರ್ ಆಗಿ ತಗೊಳ್ತಿಲ್ಲ? ಭಯ ಇಲ್ವಾ?”

ಗೋಡೆಯ ಮೇಲಿನ ಪಟದಲ್ಲಿ ಸೌತೆಕಾಯಿ, ಸೇಬು, ನಗುತ್ತ ಓಡುವ ಗಂಡ ಹೆಂಡತಿ ಇದ್ದರು. ಅವರ ಮನೆಯಲ್ಲಿ ಫ್ರಿಜ್ ಇದ್ದಿರಬೇಕು.

“ಫ್ರಿಜ್ ಮಂದೀದು ಐತ್ರಿ,” ಎಂದೆ.

“ಅಂದ್ರೆ?”

ಎಲ್ಲವನ್ನೂ ಹೇಳಿದೆ. “ಮೊದಲೇ ಹೇಳೋಕೇನು?” ಎಂದರು.

“ತಗೊಂಡ್ರಾ ಇಲ್ವಾ ಅಂತಷ್ಟ ಕೇಳತಿದ್ರಿ. ಎಲ್ಲಿ ಇಡ್ತೀರಿ ಅಂತ ಕೇಳಿಲ್ರಿ.”

ಆಕೆ ಚೀಟಿ ತಿರುಗಿಸಿ ಹಿಂದೆ ಎರಡು ಮಡಕೆ ಬರೆದರು. ಆಮೇಲೆ, ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಬಾಟಲಿ ಡಬ್ಬಿಯಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿ, ಬಳಸುತ್ತಿರುವ ಬಾಟಲಿಗೆ ಇಷ್ಟು ಸಾಕು ಎಂದು ವಿವರಿಸಿದರು. ಮಡಕೆ ತಂದೆ. ಇನ್ನು ಸುಳ್ಳಿನ ಅಗತ್ಯ ಇರಲಿಲ್ಲ. ಬಾಟಲಿ ತೆಗೆದುಕೊಳ್ಳಲು ಕೆಳಗೆ ಹೋದಾಗ ಹೇಳಿಬಿಟ್ಟೆ.

“ಜಯಮ್ಮಾರ, ಇದು ಮಣಕಾಲಿಂದಲ್ರಿ. ಶುಗರಿಂದು.”

ಅವರು ಟೀ ಸೋಸುತ್ತಿದ್ದರು. “ಇಷ್ಟ್ ದಿನ ನನ್ ಕೈಯಲ್ಲೇ ಸಕ್ಕರೆ ಹಾಕಿಸ್ಕೊಂಡ್ ಕುಡಿದ್ರಾ? ಏನಾದ್ರೂ ಆಗಿದ್ರೆ ಯಾರ್ ತಲೆಗೆ ಬರ್ತಿತ್ತು? ಒಂದ್ ಮಾತು ಹೇಳೋಕೆ ನಾನೇನ್ ಶತ್ರೂನಾ ನಿಮ್ಗೆ?”

ಹೀಗೆ ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತೋ ಸಿಟ್ಟಿತ್ತೋ, ನೆನಪು ದಿನಕ್ಕೊಂದು ಹೇಳುತ್ತದೆ. ಅವರನ್ನು ಕೆಟ್ಟವರನ್ನಾಗಿ ಮಾಡಿದರೆ ಈ ಬರಹ ಸುಲಭವಾಗುತ್ತಿತ್ತು. ಅವರು ಮನೆ ಬಿಡಿ ಎನ್ನಲಿಲ್ಲ. ಒಳಗೆ ಕರೆಯುವುದನ್ನು ಬಿಟ್ಟರು. ಮೆಟ್ಟಿಲಲ್ಲಿ ಎದುರಾದರೆ “ಹುಷಾರಾಗಿದ್ದೀರಾ?” ಎನ್ನುತ್ತಾರೆ, ರೋಗಿಯನ್ನು ಕೇಳುವ ಹಾಗೆ.

ಈಗ ಇಲ್ಲಿ ಎರಡೂ ಹೊತ್ತಿನ ಸೂಜಿ ತಪ್ಪುವುದಿಲ್ಲ. ಕಣ್ಣು ಕೆಟ್ಟಷ್ಟಕ್ಕೇ ನಿಂತಿದೆ, ಮುಂದೆ ಹೋಗಿಲ್ಲ. “ವೆರಿ ಗುಡ್,” ಎಂದರು ಡಾಕ್ಟರಮ್ಮ. ಆ ಸಂಜೆ ಕೋಣೆಗೆ ಬಂದು ಯಾರಿಗೆ ಹೇಳಲಿ ಎಂದು ಕೂತೇ ಇದ್ದೆ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋದೆ. ಅಣ್ಣನ ಮನೆಯಲ್ಲಿ ಸೂಜಿಯ ಸಂಗತಿ ಯಾರಿಗೂ ಗೊತ್ತಿಲ್ಲ. ಬಾಟಲಿಯನ್ನು ಬೇಕೆಂತಲೇ ಕಗ್ಗದಾಸಪುರದಲ್ಲಿ ಬಿಟ್ಟು ಹೋಗಿದ್ದೆ. ಪಂಕ್ತಿಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಬೇಡ ಎಂದರೆ ಕಾರಣ ಹೇಳಬೇಕು. ಕಾರಣ ಹೇಳಿದ ಮೇಲೆ ಇಲ್ಲಿಯೂ ಮೆಟ್ಟಿಲ ಮೇಲಿನ ಮಾತೇ ಉಳಿದರೆ? ಕಣ್ಣಿನ ಹೆದರಿಕೆಗಿಂತ ಈ ಹೆದರಿಕೆ ದೊಡ್ಡದಾಗಿತ್ತು. ತಿಂದೆ. ಅವರು ಇನ್ನೊಂದು ಹಾಕಿದರು.

“ಎಷ್ಟ್ ಸೊರಗೀದಿ,” ಎಂದರು. “ಅಷ್ಟ್ ದೊಡ್ಡ ಊರಾಗ ನಿನಗಂತ ಯಾರರ ಅದಾರೇನ?”

“ಅದಾರ್ರಿ ವೈನಿ,” ಎಂದೆ, ಎರಡನೆಯ ಹೋಳಿಗೆ ಮುರಿಯುತ್ತ.