ಅತ್ತೆಯ ಒಡಪು, ಒಂದನೇ ನಂಬರಿನ ಕಾರ್ಡು

ಸೋದರತ್ತೆಯ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಮಿರಜಿನ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅತ್ತೆ, ಮಾವ ಐನಾಪುರದಿಂದ ಚಿಕ್ಕೋಡಿಯ ನಮ್ಮ ಮನೆಗೆ ಬಂದರು. ಅತ್ತೆಯ ಒಡಪುಗಳನ್ನು ನನ್ನ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬೇಕೆಂಬುದು ಮಾವನ ಆಸೆ. ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುಮಗಳನ್ನು ಬಾಗಿಲಲ್ಲಿ ತಡೆದು ಹೆಸರು ಕೇಳಿದರೂ, ಎರಡು ಸಾಲಿನ ಒಡಪಿನೊಳಗೆ ಪೋಣಿಸಿ ಹೇಳುತ್ತಾರೆ. ಮಾವ ತಮ್ಮ ಹೆಸರನ್ನು ಅತ್ತೆಯ ಬಾಯಲ್ಲಿ ಕೇಳಿದ್ದು ಹಾಗೆ ಮಾತ್ರ.

ಮೈಕು ಹೊಸದು. ಅತ್ತೆ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿದರು.

"ಪೂಜಿ ಮಾಡಿದ್ದನ್ನ ಮದ್ಲ ಜೋಡಸು, ಆಮ್ಯಾಲ ಮಷಿನ್ ಚಾಲೂ ಮಾಡು," ಎಂದರು.

"ಕುಂಕುಮ ಕಂಡು ಮೈಕ ನಾಚಿ ಸುಮ್ನಾದೀತ ಬೇ," ಎಂದು ಮಾವ ಕಿಚಾಯಿಸಿದರು.

"ನಿಮ್ಮಂಗಲ್ಲ ಅದು. ನಾ ಹೇಳಿದ್ದ ಕೇಳತೈತಿ."

ನಾನು ಕಂಪ್ಯೂಟರ್ ಆರಿಸಿ, ಮೈಕಿನ ವಯರು ಸಿಕ್ಕಿಸಿ, ಮತ್ತೆ ಚಾಲೂ ಮಾಡಿದೆ. ಹೆಡ್‌ಫೋನನ್ನು ಮೈಕಿನಲ್ಲೇ ಇದ್ದ ತೂತಿಗೆ ಸಿಕ್ಕಿಸಿ ಕಿವಿಗೆ ಹಾಕಿಕೊಂಡೆ. ನಲವತ್ತೊಂದು ನಿಮಿಷ ಅತ್ತೆ ಹೇಳಿದರು. ಪ್ರತಿಯೊಂದು ಅಕ್ಷರವೂ ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಪರೇಷನ್ ಆಗಿ ಎಂಟು ದಿನಕ್ಕೆ ಮಾವ ಫೋನ್ ಮಾಡಿ ಕೇಳಿದಾಗ ಫೈಲು ತೆರೆದೆ. ಪರದೆಯ ಮೇಲೆ ಒಂದು ನೇರ ಗೆರೆ. ದನಿ ಪೂರ್ತಿ ಏರಿಸಿದೆ. ಏನೂ ಇಲ್ಲ. ಆದರೂ ನಲವತ್ತೊಂದು ನಿಮಿಷವೂ ಕುಳಿತು ಕೇಳಿದೆ.

ಏನಾಗಿತ್ತೆಂದು ತಿಳಿಯಲು ಎರಡು ದಿನ ಹಿಡಿಯಿತು. ದನಿಯನ್ನು ಯಂತ್ರದೊಳಗೆ ತರುವ ಸೌಂಡ್ ಕಾರ್ಡನ್ನು ಯಾವ ಪ್ರೋಗ್ರಾಮೂ ನೇರವಾಗಿ ಮುಟ್ಟುವುದಿಲ್ಲ. ನಡುವೆ ಡ್ರೈವರ್ ಎಂಬ ತಂತ್ರಾಂಶ ಇರುತ್ತದೆ. ನನ್ನ ಯಂತ್ರದಲ್ಲಿ ಕಾರ್ಡುಗಳು ಸಿಕ್ಕ ಸರದಿಯಲ್ಲೇ ಸೊನ್ನೆ, ಒಂದು ಎಂದು ನಂಬರು ಪಡೆಯುತ್ತಿದ್ದವು. ಯುಎಸ್‌ಬಿ ಮೈಕೂ ಅದರ ಲೆಕ್ಕದಲ್ಲಿ ಒಂದು ಕಾರ್ಡೇ. ಅತ್ತೆ ಬರುವ ಮುಂಚೆ ಮೈಕನ್ನು ಪರೀಕ್ಷೆ ಮಾಡುವಾಗ ನಾನು ಮೊದಲು ಯಂತ್ರ ಚಾಲೂ ಮಾಡಿ, ಆಮೇಲೆ ಮೈಕು ಸಿಕ್ಕಿಸಿದ್ದೆ. ಯಂತ್ರದ ಸ್ವಂತ ಕಾರ್ಡು ಸೊನ್ನೆಯಾಗಿತ್ತು, ಮೈಕು ಒಂದು. ದನಿ ಉಳಿಸಿಕೊಳ್ಳಲು ನಾನೇ ಬರೆದ ಪ್ರೋಗ್ರಾಮಿನಲ್ಲಿ ಇದ್ದದ್ದು 'ಒಂದರಿಂದ ತೆಗೆದುಕೋ' ಎಂದು ಮಾತ್ರ. ಅಂದು ಯಂತ್ರ ಚಾಲೂ ಆಗುವ ಮೊದಲೇ ಮೈಕು ಸಿಕ್ಕಿಸಿದ್ದರಿಂದ ಯಂತ್ರಕ್ಕೆ ಅದೇ ಮೊದಲು ಕಂಡು ಅದಕ್ಕೆ ಸೊನ್ನೆ ಸಿಕ್ಕಿತು, ಸ್ವಂತ ಕಾರ್ಡಿಗೆ ಒಂದು. ಆ ಕಾರ್ಡಿಗೆ ದನಿ ಬರುವ ಗುಲಾಬಿ ಬಣ್ಣದ ತೂತಿಗೆ ಏನನ್ನೂ ಸಿಕ್ಕಿಸಿರಲಿಲ್ಲ. ಆದರೂ ಅದು ಕಾರ್ಡೇ. ಡ್ರೈವರ್ ಅದರ ನಿಶ್ಶಬ್ದವನ್ನು ಒಂದು ಕ್ಷಣವೂ ಬಿಡದೆ ತಂದುಕೊಟ್ಟಿತ್ತು. ನನಗೆ ಕೇಳಿಸಿದ ದನಿ ಮೈಕಿನಿಂದ ನೇರ ಕಿವಿಗೆ ಬಂದದ್ದು, ಯಂತ್ರದೊಳಗೆ ಹೋಗಿರಲೇ ಇಲ್ಲ.

ತಪ್ಪು ನನ್ನದು. ಒಮ್ಮೆ ಫೈಲು ತೆರೆದು ನೋಡಿದ್ದರೆ ಅಂದೇ ಮತ್ತೆ ಹೇಳಿಸಬಹುದಿತ್ತು.

ಐನಾಪುರಕ್ಕೆ ಹೋಗಿ ಹೇಳಿದೆ. ಮಾವ, "ಒಂದರೆ ಉಳದಿಲ್ಲೇನೋ?" ಎಂದರು.

"ಇಲ್ರೀ ಮಾವ."

ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡಿದ್ದ ಅತ್ತೆ ಪಾಟಿ ಎಳೆದುಕೊಂಡು ಬಳಪದಿಂದ ನಿಧಾನವಾಗಿ ಬರೆದು ಮಾವನ ಕೈಗೆ ಕೊಟ್ಟರು. ಮಾವ ಗಟ್ಟಿಯಾಗಿ ಓದಿದರು: "ಅಂಗಳದಾಗ ಹಾಕೀನಿ ರಂಗೋಲಿ ಸಾಲ..." ಮುಂದೆ ಹೆಸರಿನ ಜಾಗದಲ್ಲಿ ಅತ್ತೆ ಗೀಟು ಎಳೆದಿದ್ದರು. ಮಾವ ಓದುವುದನ್ನು ಅಲ್ಲಿಗೆ ನಿಲ್ಲಿಸಿದರು. ಅತ್ತೆ ಅವರನ್ನೇ ನೋಡುತ್ತ, ಓದಿ ಎಂಬಂತೆ ಆ ಗೀಟಿನ ಮೇಲೆ ಬೆರಳಿಂದ ಎರಡು ಸಲ ಬಡಿದರು. ಮಾವ ತಮ್ಮ ಹೆಸರನ್ನು ತಾವೇ ಹೇಳಿ, "ಇವರ ಹೆಸರ ಹೇಳತೀನಿ, ಬಿಡ್ರಿ ಬಾಗಲ" ಎಂದು ಉಳಿದದ್ದನ್ನು ಓದಿ ಮುಗಿಸಿದರು.